ಸೋಲಾರ್ ಬೇಲಿಯ ಪಕ್ಕ ಒಂದು ಎಂಆರ್‌ಐ

ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾದ ವಾರವೇ ನಮ್ಮ ಎಂಆರ್‌ಐ ಯಂತ್ರ ವೀರನಹೊಸಹಳ್ಳಿಯ ಹತ್ತಿರದ ಊರೊಂದಕ್ಕೆ ಬಂತು. ಬಂದದ್ದು ಗೂಡ್ಸ್ ಆಟೋದಲ್ಲಿ, ಎರಡು ಹಳೆಯ ಹಾಸಿಗೆಗಳ ನಡುವೆ. ಎಂಆರ್‌ಐ ಎಂದ ಕೂಡಲೇ ದೊಡ್ಡ ಆಸ್ಪತ್ರೆಯ ಸುರಂಗದಂಥ ಯಂತ್ರವನ್ನು ನೆನೆಸಿಕೊಳ್ಳುವವರಿಗೆ ಇದನ್ನು ನಂಬುವುದು ಕಷ್ಟ. ನಮ್ಮದು ನೀರಿನ ಡ್ರಮ್ಮಿಗಿಂತ ಸ್ವಲ್ಪ ಚಿಕ್ಕದು. ನೂರಾರು ಪುಟ್ಟ ಅಯಸ್ಕಾಂತದ ತುಂಡುಗಳನ್ನು ಉಂಗುರಗಳಂತೆ ಜೋಡಿಸಿ, ನಡುವೆ ಒಂದು ಮೊಣಕಾಲು ಹೋಗುವಷ್ಟು ಜಾಗ ಬಿಟ್ಟು, ಮೈಸೂರಿನ ನಮ್ಮ ಪ್ರಯೋಗಾಲಯದಲ್ಲೇ ಕಟ್ಟಿದ್ದು. ಅದರ ಶಕ್ತಿ ಆಸ್ಪತ್ರೆಯ ಯಂತ್ರಕ್ಕಿಂತ ಬಹಳ ಕಡಿಮೆ, ಚಿತ್ರವೂ ಮಸುಕು. ಆದರೆ ಅದನ್ನು ಜನ ಕೆಲಸ ಮಾಡುವ ಜಾಗಕ್ಕೇ ಒಯ್ಯಬಹುದು. ನನ್ನ ಸಂಶೋಧನೆ ನಿಂತಿದ್ದದ್ದು ಈ ಒಂದು ಅನುಕೂಲದ ಮೇಲೆ.

ನಾವು ಕೇಳಹೊರಟ ಪ್ರಶ್ನೆ ಸರಳವಾಗಿತ್ತು. ಹೊಗೆಸೊಪ್ಪಿನ ಕಾಲದಲ್ಲಿ ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ನೆಲದಲ್ಲಿ ಮಂಡಿ ಮಡಿಸಿ ಕುಳಿತು ಎಲೆಗಳನ್ನು ಕಡ್ಡಿಗೆ ಪೋಣಿಸುತ್ತಾರೆ. ಸಂಜೆ ಮಂಡಿ ಊದುತ್ತದೆ, ಬೆಳಿಗ್ಗೆ ಇಳಿಯುತ್ತದೆ ಎಂದು ಅವರೇ ಹೇಳುತ್ತಾರೆ. ಈ ಒಂದು ದಿನದ ಏರಿಳಿತವನ್ನು ನಮ್ಮ ಸಣ್ಣ ಯಂತ್ರ ಅಳೆಯಬಲ್ಲುದೇ? ಅಳೆಯಬೇಕಾದರೆ ಕೆಲಸಕ್ಕೆ ಮೊದಲು ಒಂದು ಸ್ಕ್ಯಾನ್, ಕೆಲಸ ಬಿಟ್ಟ ಕೂಡಲೇ ಇನ್ನೊಂದು ಸ್ಕ್ಯಾನ್ ಆಗಬೇಕು. ಮೈಸೂರಿಗೆ ಬಸ್ಸಿನಲ್ಲಿ ಕರೆದೊಯ್ದರೆ ದಾರಿಯಲ್ಲೇ ಮಂಡಿಗೆ ವಿಶ್ರಾಂತಿ ಸಿಕ್ಕಿಬಿಡುತ್ತದೆ. ಹಾಗಾಗಿ ಯಂತ್ರವೇ ಊರಿಗೆ ಬಂತು.

ಹಾಲಿನ ಡೇರಿಗೆಂದು ಹಿಂದೆ ಬಳಸುತ್ತಿದ್ದ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹಿಂಭಾಗದಲ್ಲಿ ಮುಸುಕಿನ ಜೋಳದ ಹೊಲ, ಅದರಾಚೆ ಕಾಡು. ನನ್ನ ಜೊತೆಗಿದ್ದವರು ನಮ್ಮ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಒಬ್ಬರೇ. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದವರು, ಊರಿನವರ ಜೊತೆ ನನಗಿಂತ ಬೇಗ ಬೆರೆಯುತ್ತಿದ್ದರು. ನಾನು ಕೆ.ಆರ್. ನಗರದ ಕಡೆಯವಳು, ಮಾತು ಅವರಿಗೆ ಬಿಟ್ಟು ಕೇಬಲ್ಲುಗಳ ಕಡೆ ತಿರುಗುವುದು ನನ್ನ ಸ್ವಭಾವ.

ಒಪ್ಪಿಗೆ ಕೊಟ್ಟು ಮೊದಲು ಬಂದವರು ಜೋಳದ ಹೊಲದ ಯಜಮಾನರ ಹೆಂಡತಿ. ಒಳಗೆ ಬರುವ ಮೊದಲು ಕಬ್ಬಿಣದ ಸಾಮಾನೆಲ್ಲ ತೆಗೆದಿಡಿ ಎಂದೆ. ಅವರು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದರು. ತಾಳಿಯ ಸರದಿಂದ ಒಂದು ಗೊಂಚಲು ಪಿನ್ನು ತೆಗೆದರು. ಸೆರಗಿನಿಂದ ಮತ್ತೆರಡು ಬಂದವು.

"ಇಷ್ಟೇನಾ ಅಕ್ಕ?" ಎಂದೆ.

"ತಡಿಯವ್ವ, ತಲೇಲಿ ಅವೆ," ಎಂದು ಕೂದಲಿಗೆ ಕೈ ಹಾಕಿದರು. "ಎಲ್ಲಾನೂ ಬುಚ್ಚುಸ್ಬುಟ್ರೆ ಮನೇಗೆ ಎಂಗವ್ವ ಓಗ್ಲಿ?"

ಬಾಗಿಲಲ್ಲಿ ನಿಂತಿದ್ದ ಯಜಮಾನರು ನಕ್ಕರು. "ಇವಳ ಮಂಡಿ ನೋವು ವಸಿ ವಿಚಿತ್ರ ಕಣ್ರೀ. ಬೆಳಿಗ್ಗೆ ಇರಾಕಿಲ್ಲ. ಸಾಯಂಕಾಲ ಒಲೆ ಅಚ್ಚೋ ಒತ್ಗೆ ಸರ್ಯಾಗಿ ಬತ್ತದೆ. ಅದ್ಯಾಕೆ ಅಂತ ನಿಮ್ ಮಿಸನ್ನು ಏಳ್ಳಿ."

"ಏಳ್ತದೆ, ನೀವು ನಡೀರಿ ಅತ್ಲಾಗೆ," ಎಂದರು ಅವರು, ಕಾಲನ್ನು ಯಂತ್ರದೊಳಗೆ ಇಡುತ್ತ.

ನಮ್ಮ ಯಂತ್ರ ಹೇಳುವುದು ಹೀಗೆ: ಮೈಯೊಳಗಿನ ನೀರಿನಲ್ಲಿ ಹೈಡ್ರೋಜನ್ ಇರುತ್ತದೆ. ಅಯಸ್ಕಾಂತದ ಒಳಗಿಟ್ಟು ರೇಡಿಯೋ ತರಂಗದಿಂದ ಒಮ್ಮೆ ತಟ್ಟಿದರೆ ಅದು ತಿರುಗಿ ಬಹಳ ಕ್ಷೀಣವಾದ ರೇಡಿಯೋ ದನಿಯೊಂದನ್ನು ಕೊಡುತ್ತದೆ. ಆ ದನಿಯ ಪ್ರತಿಧ್ವನಿಗಳನ್ನು ಒಂದರ ಹಿಂದೆ ಒಂದು ಹಿಡಿಯುತ್ತಾ ಹೋದರೆ ಅವು ಕ್ರಮೇಣ ಕುಗ್ಗುತ್ತವೆ. ಕೀಲಿನಲ್ಲಿ ನೀರು ಸೇರಿದಷ್ಟೂ ಕುಗ್ಗುವುದು ನಿಧಾನ. ಈ ಕುಗ್ಗುವ ಕಾಲವೇ ನಮ್ಮ ಅಳತೆ. ಚಿತ್ರವನ್ನು ಒಂದೇ ಸಲಕ್ಕೆ ತೆಗೆಯಲಾಗುವುದಿಲ್ಲ. ಒಂದೊಂದು ಸಲ ತಟ್ಟಿದಾಗ ಒಂದೊಂದು ಸಾಲು, ಹಾಗೆ ಸಾಲು ಸಾಲಾಗಿ ಕಟ್ಟಬೇಕು. ಅಷ್ಟು ಹೊತ್ತೂ ಕಾಲು ಅಲ್ಲಾಡಬಾರದು.

ಮೊದಲ ಕೆಲವು ವಾರಗಳ ಫಲಿತಾಂಶ ನೋಡಿ ನನ್ನ ಸಂಶೋಧನೆಯ ಗೈಡ್ ಫೋನಿನಲ್ಲೇ ಹಿಗ್ಗಿದರು. ಹೆಚ್ಚುಕಡಿಮೆ ಎಲ್ಲರ ಮಂಡಿಯಲ್ಲೂ ಸಂಜೆಯ ಹೊತ್ತಿಗೆ ಕುಗ್ಗುವ ಕಾಲ ಎದ್ದು ಕಾಣುವಂತೆ ಉದ್ದವಾಗಿತ್ತು. ಹೆಂಗಸರು ಹೇಳಿದ್ದನ್ನೇ ಯಂತ್ರವೂ ಹೇಳುತ್ತಿತ್ತು. "ಸಮ್ಮೇಳನಕ್ಕೆ ಸಾರಾಂಶ ಬರೆದುಬಿಡಮ್ಮ," ಎಂದರು. ಸಾರಾಂಶಕ್ಕಿಂತ ದೊಡ್ಡ ಅಗತ್ಯ ಇನ್ನೊಂದಿತ್ತು. ನಮ್ಮ ಅಯಸ್ಕಾಂತವನ್ನು ಬೇರೊಂದು ತಂಡ ಕೇಳುತ್ತಿತ್ತು. ಪರಿಶೀಲನಾ ಸಮಿತಿ ಹಂಗಾಮಿನ ನಡುವೆ ಬಂದು ನೋಡಲಿತ್ತು. ಸಂಜೆಯ ಅಳತೆ ನಂಬುವಂತಿದೆ ಎಂದು ತೋರಿಸಿದರೆ ಯಂತ್ರ ನಮ್ಮ ಬಳಿ ಉಳಿಯುತ್ತಿತ್ತು, ಇಲ್ಲದಿದ್ದರೆ ಅವರಿಗೆ ಹೋಗುತ್ತಿತ್ತು.

ಸಾರಾಂಶಕ್ಕೆಂದು ಅಂಕಿಗಳನ್ನು ಒಟ್ಟು ಮಾಡುತ್ತಿದ್ದಾಗ ಬಾಟಲಿಯನ್ನು ನೋಡಿದೆ.

ಪ್ರತಿ ಸರದಿಯ ಕೊನೆಗೆ ಮೈಲುತುತ್ತದ ನೀರು ತುಂಬಿದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಸ್ಕ್ಯಾನ್ ಮಾಡಿಡುವುದು ನಮ್ಮ ಕ್ರಮ. ತಕ್ಕಡಿ ಸರಿಯಿದೆಯೇ ಎಂದು ತೂಕದ ಬಟ್ಟು ಇಟ್ಟು ನೋಡಿದ ಹಾಗೆ. ಅದರ ಉತ್ತರ ಯಾವಾಗಲೂ ಒಂದೇ ಇರಬೇಕು. ದಿನದಿನವೂ ಅದನ್ನು ತೆಗೆದಿಟ್ಟಿದ್ದೆವು. ಆದರೆ ಬೆಳಗಿನದನ್ನೂ ಸಂಜೆಯದನ್ನೂ ಬೇರೆ ಮಾಡಿ ನೋಡಿರಲಿಲ್ಲ. ಈಗ ನೋಡಿದರೆ, ಬಾಟಲಿಯ ಕುಗ್ಗುವ ಕಾಲವೂ ಸಂಜೆ ಉದ್ದವಾಗಿತ್ತು. ಮಂಡಿಗಳಷ್ಟೇ ಖಚಿತವಾಗಿ.

ಗೈಡ್‌ಗೆ ಫೋನ್ ಮಾಡಿದೆ.

"ಅಷ್ಟೂ ಜನರ ಮೊಣಕಾಲು ಒಂದೇ ಮಾತು ಹೇಳ್ತಿದೆ. ನೀನು ಅದನ್ನ ಬಿಟ್ಟು ಬಾಟಲಿ ನಂಬ್ತೀಯಾ?"

"ಬಾಟಲಿ ಸೊಪ್ಪು ಪೋಣಿಸೋದಿಲ್ಲ ಸರ್."

"ಸಾರಾಂಶ ನಿಲ್ಲಿಸು. ಕಾರಣ ಹುಡುಕು. ಸಮಿತಿ ಬರೋದ್ರೊಳಗೆ ಸಿಗ್ಲಿಲ್ಲ ಅಂದ್ರೆ ಯಂತ್ರ ಕೊಟ್ಟುಬಿಡೋದೇ ಮರ್ಯಾದೆ," ಎಂದರು.

ಮೊದಲ ಅನುಮಾನ ಬಿದ್ದದ್ದು ಸೆಕೆಯ ಮೇಲೆ. ನಮ್ಮಂಥ ಅಯಸ್ಕಾಂತದ ಶಕ್ತಿ ಬಿಸಿಗೆ ಇಳಿಯುತ್ತದೆ, ತಂಪಿಗೆ ಏರುತ್ತದೆ. ಹಗಲೆಲ್ಲ ಕಾದ ಕೋಣೆಯಲ್ಲಿ ಸಂಜೆ ಅದು ಬೇರೆಯಾಗಿ ನಡೆದುಕೊಳ್ಳುವುದು ಸಹಜ. ಥರ್ಮೊಕೋಲಿನ ಪೆಟ್ಟಿಗೆ ಮಾಡಿ ಸುತ್ತ ಇಟ್ಟೆವು. ಮೇಲೆ ಯಜಮಾನರ ಮನೆಯಿಂದ ತಂದ ಎರಡು ಕಂಬಳಿ ಹೊದಿಸಿದೆವು. ಪ್ರತಿ ಸಾಲಿಗೂ ಮೊದಲು ಯಂತ್ರ ತನ್ನ ತರಂಗವನ್ನು ತಾನೇ ಸರಿಮಾಡಿಕೊಳ್ಳುವಂತೆ ಪ್ರೋಗ್ರಾಂ ತಿದ್ದಿದೆ. ಅಯಸ್ಕಾಂತದ ಏರಿಳಿತ ನಿಂತಿತು. ಬಾಟಲಿಯ ಏರಿಳಿತ ನಿಲ್ಲಲಿಲ್ಲ.

ಅಂಕಿಗಳನ್ನು ಬಿಟ್ಟು ಒಂದೊಂದೇ ಪ್ರತಿಧ್ವನಿಯನ್ನು ತೆರೆದು ನೋಡಲು ಕುಳಿತೆ. ಮೊದಲ ಪ್ರತಿಧ್ವನಿಗಳು ಬೆಳಿಗ್ಗೆ ಸಂಜೆ ಒಂದೇ ಥರ ಇದ್ದವು. ವ್ಯತ್ಯಾಸ ಇದ್ದದ್ದು ಕೊನೆಯವುಗಳಲ್ಲಿ. ಅವು ಎಷ್ಟು ಕ್ಷೀಣವಾಗಬೇಕೋ ಅಷ್ಟು ಕ್ಷೀಣವಾಗಿರಲಿಲ್ಲ. ಎಲ್ಲಿಂದಲೋ ಬಂದ ಗದ್ದಲ ಅವುಗಳ ಕೆಳಗೆ ತುಂಬಿಕೊಂಡು ಅವನ್ನು ಎತ್ತಿ ಹಿಡಿದಿತ್ತು. ಕೊನೆಯ ದನಿ ಜೋರಾಗಿ ಕೇಳಿಸಿದರೆ ದನಿ ನಿಧಾನವಾಗಿ ಕುಗ್ಗಿತೆಂದು ಲೆಕ್ಕ ಬರುತ್ತದೆ. ನಿಧಾನವಾಗಿ ಕುಗ್ಗಿದರೆ ಕೀಲಿನಲ್ಲಿ ನೀರು ಹೆಚ್ಚಿದೆಯೆಂದು ನಾವು ಓದುತ್ತೇವೆ. ನಾವು ಬಯಸಿದ ಉತ್ತರದ ವೇಷದಲ್ಲೇ ತಪ್ಪು ಬಂದಿತ್ತು. ಅದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಯಿತು.

ಗದ್ದಲ ಯಂತ್ರದ್ದೋ ಜಾಗದ್ದೋ? ತಿಳಿಯಲು ಒಂದೇ ದಾರಿಯಿತ್ತು. ಊರಿಗೆ ಬರುವ ಮೊದಲು ಕಂಪಲಾಪುರದಲ್ಲಿ ಒಂದು ಗೋದಾಮಿನ ಕೋಣೆಯಲ್ಲಿ ಇದೇ ಯಂತ್ರವನ್ನು ಪರೀಕ್ಷಿಸಿದ್ದೆವು, ಆದರೆ ಹಗಲಿನಲ್ಲಿ ಮಾತ್ರ. ಮತ್ತೆ ಗೂಡ್ಸ್ ಆಟೋ ಕರೆಸಿ, ಹಾಸಿಗೆಗಳ ನಡುವೆ ಯಂತ್ರ ಮಲಗಿಸಿ, ಅಲ್ಲಿಗೆ ಹೊರಟೆವು. ಆಟೋದವರು ಕನ್ನಡಿಯಲ್ಲಿ ಹಿಂದೆ ನೋಡಿ, "ಏನ್ಸಾರ್, ತೌರ್ಮನೆಗೆ ವಾಪಸ್ಸಾ?" ಎಂದು ಎಂಜಿನಿಯರನ್ನು ಕೇಳಿದರು.

"ಅತ್ತೆ ಮನೇಲಿ ಹೊಂದ್ಕಳ್ತಿಲ್ಲ ಕಣಣ್ಣ. ಸಾಯಂಕಾಲ ಆಯ್ತು ಅಂದ್ರೆ ಮುನಿಸ್ಕತದೆ," ಎಂದರು ಅವರು.

ಕಂಪಲಾಪುರದಲ್ಲಿ ಸಂಜೆಯ ಬಾಟಲಿ ಬೆಳಗಿನ ಬಾಟಲಿಯಂತೆಯೇ ಇತ್ತು. ಯಂತ್ರದಲ್ಲಿ ತಪ್ಪಿರಲಿಲ್ಲ. ಕಾಡಂಚಿನ ಆ ಊರಿನಲ್ಲಿ, ಸಂಜೆಯಲ್ಲಿ ಮಾತ್ರ, ಏನೋ ಇತ್ತು.

ಮರಳಿ ಬಂದ ದಿನ ನಾನು ಹುಣಸೂರಿನಲ್ಲಿ ಇಳಿದು ಒಂದು ಸಣ್ಣ ಟ್ರಾನ್ಸಿಸ್ಟರ್ ಕೊಂಡೆ. ನಮ್ಮ ಯಂತ್ರ ಆಲಿಸುವ ತರಂಗ ಮೀಡಿಯಂ ವೇವ್ ರೇಡಿಯೋದ ತರಂಗಗಳಿಗೆ ಸ್ವಲ್ಪ ಮೇಲಿದೆ. ಯಂತ್ರಕ್ಕೆ ಕೇಳಿಸುವ ಗದ್ದಲ ಅದಕ್ಕೂ ಕೇಳಿಸಬಹುದು ಎಂಬುದು ನನ್ನ ಲೆಕ್ಕ. ಮುಳ್ಳನ್ನು ತುತ್ತತುದಿಗೆ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ ಹೊತ್ತು ಇಳಿಯುವುದನ್ನು ಕಾದೆ. ಮೊದಲು ಬರೀ ಸೊಯ್ ಎನ್ನುವ ಸದ್ದು. ಸಂಜೆಯಾಗುತ್ತಿದ್ದಂತೆ ಅದರೊಳಗೆ ಒಂದು ಟಿಕ್. ಒಂದು ಕ್ಷಣ ಬಿಟ್ಟು ಮತ್ತೊಂದು ಟಿಕ್. ಗಡಿಯಾರದಷ್ಟು ಕ್ರಮವಾಗಿ, ಆದರೆ ಗಡಿಯಾರಕ್ಕಿಂತ ತುಸು ನಿಧಾನ. ಕೋಣೆಯ ಹಿಂದೆ ನಡೆದೆ. ಜೋರಾಯಿತು. ಜೋಳದ ಅಂಚಿನ ತಂತಿಯ ಬಳಿ ನಿಂತಾಗ ಅದು ಕಿವಿಗೆ ಹೊಡೆಯುವಂತೆ ಕೇಳಿಸಿತು.

ಆನೆಗೆಂದು ಹಾಕಿದ ಸೋಲಾರ್ ಬೇಲಿ. ಅದರಲ್ಲಿ ಕರೆಂಟು ಸದಾ ಹರಿಯುವುದಿಲ್ಲ. ಒಂದೊಂದು ಕ್ಷಣಕ್ಕೆ ಒಂದೊಂದು ಏಟು. ಹಗಲು ದನಕರು, ಮಕ್ಕಳು ಓಡಾಡುವುದರಿಂದ ಆಫ್ ಮಾಡಿ, ಸಂಜೆ ಆನ್ ಮಾಡುತ್ತಾರೆ. ಹೆಂಗಸರು ಕೆಲಸ ಬಿಡುವ ಹೊತ್ತಿಗೇ.

ಎಂಜಿನಿಯರ್ ಓಡಿ ಬಂದರು. ಅವರ ಹಿಂದೆ ಯಜಮಾನರು.

"ಏನ್ ಮೇಡಮ್ಮೋರೆ, ಟ್ರಾನ್ಸಿಸ್ಟರ್ ಇಟ್ಕಂಡು ಒಲ ಸುತ್ತಾಯಿದೀರಿ? ವಾರ್ತೆ ಸಿಕ್ತಿಲ್ವಾ?"

"ವಾರ್ತೆ ಅಲ್ಲ ಕಣಣ್ಣ, ನಿಮ್ ಬೇಲಿ ಮಾತಾಡ್ತಾ ಇದೆ. ಕೇಳಿ ಇಲ್ಲಿ," ಎಂದು ಎಂಜಿನಿಯರ್ ರೇಡಿಯೋವನ್ನು ಅವರ ಕಿವಿಗೆ ಹಿಡಿದರು.

ಯಜಮಾನರು ಕೇಳಿದರು. ಮುಖ ಅರಳಿತು. "ಇದು ನಮ್ ಬೇಲಿಯಾ! ಇಷ್ಟ್ ದಿನ ರೇಡಿಯೋ ಕೆಟ್ಟೋಗದೆ ಅಂತ ರಿಪೇರಿಯೋನ್ನ ಬೈತಿದ್ನಲ್ಲ ಕಣ್ರೀ."

ಕಾರಣ ಸಿಕ್ಕಿದ ಖುಷಿಯಲ್ಲಿ ಕೇಳಿಯೇಬಿಟ್ಟೆ. "ಅಣ್ಣ, ಸಾಯಂಕಾಲ ಸ್ಕ್ಯಾನ್ ಮಾಡೋವಾಗ ಸ್ವಲ್ಪ ಹೊತ್ತು ಬೇಲಿ ಆಫ್ ಮಾಡೋಕಾಗುತ್ತಾ?"

ಅವರ ನಗು ನಿಂತಿತು. "ಅವು ಅಲ್ಲೇ ಮರದ್ ಮರೇಲಿ ನಿಂತಿರ್ತವೆ ಕಣವ್ವ. ಸೊಂಡ್ಲಲ್ಲಿ ಕೊಂಬೆ ಮುರ್ದು ತಂತಿ ಮೇಲಾಕಿ ನೋಡ್ತವೆ, ಕರೆಂಟ್ ಐತೋ ಇಲ್ವೋ ಅಂತ. ಒಂದ್ ಬೀಡಿ ಸೇದೋ ಒತ್ತು ಸಾಕು, ಜೋಳ ಒಂದ್ ತೆನೆ ಉಳಿಯಾಕಿಲ್ಲ."

ಜಗಲಿಯಿಂದ ಅವರ ಹೆಂಡತಿ ಕೂಗಿದರು: "ಆಫ್ ಮಾಡ್ಬುಡಿ ಅತ್ಲಾಗೆ! ಆನೆ ಬಂದ್ರೆ ಅದ್ರ ಮಂಡಿನೂ ಸ್ಕ್ಯಾನ್ ಮಾಡ್ಕತರೆ!"

"ನೀನ್ ಸುಮ್ಕಿರು," ಎಂದು ಅವರ ಕಡೆ ಕೈ ಆಡಿಸಿ ಯಜಮಾನರು ನನ್ನತ್ತ ತಿರುಗಿದರು. "ಆನೆನೂ ನಮ್ ಬೇಲಿಗೆ ಎದ್ರುಕತದೆ, ನಿಮ್ ಮಿಸನ್ನೂ ಎದ್ರುಕತದೆ. ಒಳ್ಳೇ ಬೇಲಿನೇ ಆಕ್ಸಿವ್ನಿ ಬುಡಿ."

ಅವರು ಬೇಡವೆಂದದ್ದು ಸರಿಯಾಗಿತ್ತು. ಮತ್ತೆ ಕೇಳಲಿಲ್ಲ.

ಮುಂದಿನ ದಿನಗಳು ಒಂದಾದ ಮೇಲೊಂದು ಸೋಲು. ತಂತಿಗೆ ತಾಗಿದ ಬಳ್ಳಿಗಳಲ್ಲಿ ಕಿಡಿ ಹಾರಿದಾಗ ಸದ್ದು ಹೆಚ್ಚುತ್ತದೆಂದು ಕಂಡು, ಎಂಜಿನಿಯರ್ ಯಜಮಾನರ ಜೊತೆ ಕುಡುಗೋಲು ಹಿಡಿದು ಅಂಚನ್ನೆಲ್ಲ ಸವರಿದರು. ಒಂದು ಸಂಜೆ ಸದ್ದು ತಗ್ಗಿತು. ಮರುದಿನ ಮಳೆ ಬಂದು ಒದ್ದೆ ಹುಲ್ಲು ತಂತಿಗೆ ಬಾಗಿತು; ಮತ್ತೆ ಅದೇ ಕಥೆ. ಆಮೇಲೆ ಮೈಸೂರಿನಿಂದ ತಾಮ್ರದ ಜಾಲರಿ ತರಿಸಿ ಯಂತ್ರಕ್ಕೆ ಗೂಡು ಕಟ್ಟಿದೆವು. ಬಾಟಲಿ ಇಟ್ಟಾಗ ಒಳಗೆ ಪೂರ್ತಿ ನಿಶ್ಶಬ್ದ. ಎಂಜಿನಿಯರ್ ಕೈ ಚಾಚಿ ನನ್ನ ಕೈ ಕುಲುಕಿದರು. ಯಜಮಾನರ ಹೆಂಡತಿ ಬಂದು ಕಾಲು ಇಟ್ಟ ಕೂಡಲೇ ಗದ್ದಲ ಒಳಗೆ ಬಂತು. ಬಾಟಲಿ ಪೂರ್ತಿ ಗೂಡಿನೊಳಗೆ ಹಿಡಿಸುತ್ತದೆ, ಮನುಷ್ಯ ಹಿಡಿಸುವುದಿಲ್ಲ. ಕಾಲು ಒಳಗೆ, ಮಿಕ್ಕ ಮೈ ಹೊರಗೆ. ಹೊರಗಿನ ಮೈ ಆಂಟೆನಾದ ಹಾಗೆ ಬೇಲಿಯ ಸದ್ದನ್ನು ಹಿಡಿದು ಕಾಲಿನ ಮೂಲಕ ಒಳಗೆ ತಂದುಕೊಡುತ್ತಿತ್ತು.

"ನನ್ನಿಂದಾನೇ ಕೆಟ್ಟೋಯ್ತಾ?" ಎಂದು ಅವರು ಕೇಳಿದರು.

"ಇಲ್ಲ ಅಕ್ಕ. ನಿಮ್ಮನ್ನ ಬಿಟ್ಟು ಬೇರೆ ಎಲ್ಲದಕ್ಕೂ ಗೂಡು ಕಟ್ಟಿದ್ದೆ. ತಪ್ಪು ಗೂಡಿಂದು."

ಯಂತ್ರವನ್ನು ಹುಣಸೂರು ಪಟ್ಟಣಕ್ಕೆ ಸಾಗಿಸೋಣ ಎಂದರು ಎಂಜಿನಿಯರ್. ಮೊದಲ ಸಲ ನಾವಿಬ್ಬರೂ ದನಿ ಎತ್ತಿ ಮಾತಾಡಿದ್ದು ಆಗಲೇ.

"ಅಲ್ಲಿ ಬೇಲಿ ಇಲ್ಲ ಕಣ್ರೀ. ಜನಾನ ಆಟೋದಲ್ಲಿ ಕರ್ಕೊಂಡು ಹೋದ್ರಾಯ್ತು."

"ಹೋಗಿ ಮುಟ್ಟೋ ಹೊತ್ತಿಗೆ ಊತ ಇಳಿದಿರುತ್ತೆ. ಆಮೇಲೆ ಏನು ಅಳೀತೀರಿ?"

"ಮತ್ತೆ ಏನ್ಮಾಡೋದು? ಬೇಲಿಗೆ ಕೈ ಮುಗಿಯೋದಾ?"

ಕೋಣೆಗೆ ಹೋಗಿ ಕುಳಿತೆ. ಇಷ್ಟು ದಿನ ನಾನು ಮಾಡುತ್ತಿದ್ದದ್ದು ಒಂದೇ: ಸದ್ದನ್ನು ಹೊರಗಿಡುವ ಪ್ರಯತ್ನ. ಅದಾಗುವುದಿಲ್ಲ ಎಂಬುದು ಈಗ ಸ್ಪಷ್ಟವಿತ್ತು. ಆದರೆ ಬೇಲಿ ಸದಾ ಸದ್ದು ಮಾಡುವುದಿಲ್ಲ. ಅದರ ಏಟು ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಎರಡು ಏಟುಗಳ ನಡುವೆ ಧಾರಾಳ ಮೌನ. ನಮ್ಮ ಯಂತ್ರವೂ ಒಂದು ಸಾಲನ್ನು ಆಲಿಸುವುದು ಆ ಮೌನದ ಒಂದು ಸಣ್ಣ ಪಾಲಿನಷ್ಟು ಹೊತ್ತು. ಹೃದಯದ ಎಂಆರ್‌ಐ ತೆಗೆಯುವಾಗ ಎದೆಬಡಿತವನ್ನು ಯಾರೂ ನಿಲ್ಲಿಸುವುದಿಲ್ಲ. ಬಡಿತವನ್ನು ಗಮನಿಸುತ್ತಾ ಅದಕ್ಕೆ ಹೊಂದಿಕೊಂಡು ಚಿತ್ರ ತೆಗೆಯುತ್ತಾರೆ. ಬೇಲಿಯನ್ನೂ ಹಾಗೇ ನೋಡಬಾರದೇಕೆ?

ಜಾಲರಿಯನ್ನು ಬಿಚ್ಚಿಬಿಡಲು ಅಂದೇ ತೀರ್ಮಾನಿಸಿದೆ. ಸಮಿತಿ ಬರಲು ಹೆಚ್ಚು ದಿನ ಉಳಿದಿರಲಿಲ್ಲ. ಎರಡು ದಾರಿ ಹಿಡಿಯುವಷ್ಟು ಸಮಯವಿರಲಿಲ್ಲ.

ಎಂಜಿನಿಯರ್ ಸಿಟ್ಟು ಮರೆತು ಆ ದಿನವೇ ತಂತಿ ಸುತ್ತಿ ಎರಡನೆಯ ಕಾಯಿಲ್ ಮಾಡಿದರು. ಮೊದಲನೆಯದು ಮಂಡಿಯ ಸುತ್ತ ಇರುತ್ತದೆ, ಮಂಡಿಯ ದನಿಯನ್ನು ಕೇಳಲು. ಇದನ್ನು ಕಿಟಕಿಯ ಹೊರಗೆ ನೇತುಹಾಕಿದೆವು, ಬೇಲಿಯನ್ನು ಮಾತ್ರ ಕೇಳಲು. ಟಿಕ್ ಕೇಳಿದ ಮೇಲೆ ಸಾಲು ಶುರುಮಾಡು, ಮುಂದಿನ ಟಿಕ್ ಒಳಗೆ ಮುಗಿಸು ಎಂದು ಪ್ರೋಗ್ರಾಂ ಬರೆದೆ. ಮೊದಲ ಸಂಜೆ ಅರ್ಧದವರೆಗೆ ಚೆನ್ನಾಗಿ ನಡೆಯಿತು. ಆಮೇಲೆ ಚಿತ್ರದ ಮೇಲೆ ಗೆರೆ ಸೀರೆಯಲ್ಲಿರುವಂತೆ ಪಟ್ಟೆಗಳು ಮೂಡಿದವು. ಟ್ರಾನ್ಸಿಸ್ಟರ್ ಹಿಡಿದು ನೋಡಿದರೆ ಎರಡು ಟಿಕ್‌ಗಳು ಕೇಳಿಸುತ್ತಿದ್ದವು, ಒಂದು ಜೋರು, ಒಂದು ಮೆಲ್ಲಗೆ. ಪಕ್ಕದ ಹೊಲದವರು ತಮ್ಮ ಬೇಲಿ ಆನ್ ಮಾಡಿದ್ದರು. ಅದರ ಲಯ ಬೇರೆ. ಎರಡರ ಜೊತೆಗೂ ಹೆಜ್ಜೆ ಹಾಕಲು ಸಾಧ್ಯವಿರಲಿಲ್ಲ.

ಹಾಗಾದರೆ ಹೆಜ್ಜೆ ಹಾಕುವುದೇ ಬೇಡ ಎಂದುಕೊಂಡೆ. ಯಂತ್ರ ತನ್ನ ಲಯದಲ್ಲೇ ನಡೆಯಲಿ. ಹೊರಗಿನ ಕಾಯಿಲ್ ಸುಮ್ಮನೆ ಕಿವಿಗೊಟ್ಟಿರಲಿ. ಒಂದು ಸಾಲನ್ನು ತೆಗೆಯುತ್ತಿರುವಾಗ ಯಾವುದೇ ಬೇಲಿಯ ಏಟು ಬಿದ್ದರೆ ಆ ಸಾಲಿಗೆ ಕೆಂಪು ಗುರುತು ಹಾಕಿ, ಎಸೆದು, ಮತ್ತೆ ತೆಗೆಯಲಿ. ಬೇಲಿಗಳು ಎಷ್ಟಿದ್ದರೂ ಸರಿ. ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ.

ಹೊಸ ಪ್ರೋಗ್ರಾಂ ಓಡಿಸಿದಾಗ ಪಟ್ಟೆಗಳು ಹೋದವು. ಚಿತ್ರ ನಾನು ಅಲ್ಲಿಯವರೆಗೆ ನೋಡಿದ್ದರಲ್ಲೇ ಶುಭ್ರವಾಗಿತ್ತು. ಬಾಟಲಿಯ ಅಳತೆ ಮಾತ್ರ ಈ ಸಲ ಇನ್ನೊಂದು ಕಡೆಗೆ ವಾಲಿತ್ತು! ಮರುದಿನ ಸಾಲುಗಳನ್ನು ಕ್ರಮವಾಗಿ ಹರಡಿಕೊಂಡು ನೋಡಿದಾಗ ತಪ್ಪು ತಿಳಿಯಿತು. ಒಮ್ಮೆ ತಟ್ಟಿದ ಮೇಲೆ ಹೈಡ್ರೋಜನ್ ಮತ್ತೆ ಮೊದಲಿನ ಸ್ಥಿತಿಗೆ ಬರಲು ಸಮಯ ಬೇಕು. ಪ್ರತಿ ಸಾಲಿನ ನಡುವೆ ಅಷ್ಟು ಬಿಡುವು ಕೊಡುತ್ತೇವೆ. ಕೆಟ್ಟ ಸಾಲನ್ನು ಎಸೆದ ಕೂಡಲೇ ನನ್ನ ಪ್ರೋಗ್ರಾಂ ಅವಸರದಿಂದ, ಬಿಡುವು ಕೊಡದೆ ಮತ್ತೆ ತಟ್ಟುತ್ತಿತ್ತು. ಎಸೆದ ಸಾಲಿಗೂ ಅಷ್ಟೇ ಬಿಡುವು ಕೊಡುವಂತೆ ಪ್ರೋಗ್ರಾಂ ತಿದ್ದಿದೆ. ಆಮೇಲೆ ಸತತವಾಗಿ ಹಲವು ಸಂಜೆ ಬಾಟಲಿಯನ್ನೇ ಸ್ಕ್ಯಾನ್ ಮಾಡುತ್ತಾ ಕುಳಿತೆ. ಮಳೆ ಬಂದಾಗ, ಬಿಟ್ಟಾಗ, ಎರಡೂ ಬೇಲಿ ಆನ್ ಇದ್ದಾಗ. ಬಾಟಲಿ ಕದಲಲಿಲ್ಲ.

ಆಮೇಲೆ ಮಂಡಿಗಳು. ಯಜಮಾನರ ಹೆಂಡತಿ ಕೈಗೆ ಅಂಟಿದ ಸೊಪ್ಪಿನ ಕಪ್ಪು ಮೇಣವನ್ನೂ ತೊಳೆಯದೆ ಕೆಲಸದಿಂದ ನೇರ ಬಂದರು. ಸಂಜೆಯ ಅಳತೆ ಬೆಳಗಿನದಕ್ಕಿಂತ ಉದ್ದವಿತ್ತು. ಮಿಕ್ಕವರಲ್ಲೂ ಹೆಚ್ಚಿನವರಿಗೆ ಹಾಗೇ. ಆದರೆ ಮೊದಲು ನಾವು ಹಿಗ್ಗಿದ ವ್ಯತ್ಯಾಸದ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಬೇಲಿಯದು.

ಸಮಿತಿಯ ಇಬ್ಬರು ಸದಸ್ಯರು ಗೈಡ್ ಜೊತೆ ಮಧ್ಯಾಹ್ನ ಕಳೆದ ಮೇಲೆ ಬಂದರು. ಕತ್ತಲಾಗುವ ಮೊದಲು ಮೈಸೂರಿಗೆ ಹೊರಡಬೇಕೆಂದು ಬಂದವರೇ ಹೇಳಿದರು. ಇನ್ನೂ ಬಿಸಿಲಿತ್ತು, ಬೇಲಿ ಆಫ್ ಇತ್ತು. ನಾನು ಬಾಟಲಿಯನ್ನು ಒಮ್ಮೆ ಸ್ಕ್ಯಾನ್ ಮಾಡಿ ತೋರಿಸಿದೆ.

"ಇದೇ ಸಾಕಲ್ವಾ? ಚೆನ್ನಾಗಿದೆ," ಎಂದರು ಹಿರಿಯ ಸದಸ್ಯರು.

"ಇದು ಸುಲಭದ್ದು ಸರ್. ಕಷ್ಟದ್ದನ್ನ ನೀವು ನೋಡ್ಬೇಕು," ಎಂದು ಹೊರಗೆ ಹೋದೆ. ಯಜಮಾನರು ಜಗಲಿಯಲ್ಲಿದ್ದರು. "ಅಣ್ಣ, ಒಂದು ಉಪಕಾರ. ಬೇಲಿ ಈಗ್ಲೇ ಆನ್ ಮಾಡ್ತೀರಾ?"

"ಆನ್ ಮಾಡ್ಬೇಕಾ!" ಅವರು ಎದ್ದು ನಿಂತರು. "ಅದ್ಕೇನಂತೆ. ಪಕ್ಕದೋನ್ಗೂ ಕೂಗಾಕ್ತೀನಿ ತಡೀರಿ. ಏ ಇವನೇ! ನಿಂದೂ ಆಕ್ಲಾ! ಮೈಸೂರ್ನೋರು ನೋಡಕ್ಕೆ ಬಂದವ್ರೆ!"

ಪಕ್ಕದ ಹೊಲದಿಂದ ದನಿ ಬಂತು: "ಯಾಕ್ಲಾ, ಅವ್ರೇನ್ ಆನೆಗಳಾ?"

ಗೈಡ್ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು.

ಎರಡನೆಯ ಸ್ಕ್ಯಾನ್ ಶುರುವಾಯಿತು. ಪರದೆಯ ಮೇಲೆ ಕೆಂಪು ಗುರುತುಗಳು ಬೀಳತೊಡಗಿದವು. ಹಿರಿಯ ಸದಸ್ಯರು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು, ಒಂದೊಂದು ಗುರುತು ಬಿದ್ದಾಗಲೂ ಆ ಸಾಲು ಮರಳಿ ಬರುವುದನ್ನು ನೋಡಿದರು. ಮುಗಿದಾಗ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟೆ. ಅವು ಒಂದೇ ಆಗಿದ್ದವು.

"ಮೊದಲ ವಾರಗಳಲ್ಲಿ ದೊಡ್ಡ ವ್ಯತ್ಯಾಸ ಸಿಕ್ಕಿತ್ತಂತೆ," ಎಂದರು ಇನ್ನೊಬ್ಬರು. "ಅದನ್ನ ತಿದ್ದಿ ಉಳಿಸ್ಕೋಬಹುದಲ್ಲ?"

"ಆಗ ಹೊರಗಿನ ಕಾಯಿಲ್ ಇರ್ಲಿಲ್ಲ ಮೇಡಂ. ಯಾವ ಸಾಲು ಕೆಟ್ಟಿದೆ ಅಂತ ಈಗ ತಿಳಿಯೋದಿಲ್ಲ. ಸಂಜೆಯ ಆ ಸ್ಕ್ಯಾನ್‌ಗಳನ್ನೆಲ್ಲ ಕೈಬಿಟ್ಟಿದೀವಿ."

"ಎಲ್ಲಾನೂ?"

"ಎಲ್ಲಾನೂ."

ಅವರು ಗೈಡ್ ಮುಖ ನೋಡಿದರು. ಗೈಡ್, "ಅದು ಅವಳ ತೀರ್ಮಾನ. ನಾನು ಒಪ್ಪಿದೀನಿ," ಎಂದರು. ಅವರು ನನ್ನ ಬಗ್ಗೆ ಮೂರನೆಯವರ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹೊರಡುವಾಗ ಹಿರಿಯರು ಹೇಳಿದ್ದು ಇಷ್ಟೆ: "ಯಂತ್ರ ಹಂಗಾಮು ಮುಗಿಯೋವರೆಗೂ ಇಲ್ಲೇ ಇರ್ಲಿ. ಈ ವಿಧಾನ ಬರೆದಿಡಿ. ಕಾಡಂಚಿನಲ್ಲಿ ಇಂಥ ಕೆಲಸ ಮಾಡೋರು ಇನ್ನೂ ಇದಾರೆ, ಅವರಿಗೂ ಬೇಕಾಗುತ್ತೆ."

ನಾನು ಸುಲಭವಾಗಿ ಹಿಗ್ಗುವವಳಲ್ಲ. ಆದರೂ ಆ ವಿಧಾನವನ್ನು ನೆನೆದಾಗ ಹೆಮ್ಮೆಯೆನಿಸುತ್ತದೆ. ಅದಕ್ಕಾಗಿ ಯಾರ ಬೇಲಿಯನ್ನೂ ಆರಿಸಬೇಕಾಗಲಿಲ್ಲ, ಯಾರನ್ನೂ ಬಸ್ಸು ಹತ್ತಿಸಬೇಕಾಗಲಿಲ್ಲ. ಸಿಕ್ಕಿದ ಉತ್ತರ ಚಿಕ್ಕದು. ಅದನ್ನು ಯಾರು ಎಷ್ಟು ಕೆದಕಿ ಕೇಳಿದರೂ ಅಂಜದೆ ಹೇಳಬಲ್ಲೆ.

ಕಾರು ಹೋದ ಮೇಲೆ ಕೋಣೆಗೆ ಬಂದೆ. ಸೊಪ್ಪಿನ ಕೆಲಸ ಬಿಟ್ಟು ಬಂದ ಮೂವರು ಹೆಂಗಸರು ಬೆಂಚಿನ ಮೇಲೆ ಕುಳಿತಿದ್ದರು. ಯಾರು ಮೊದಲು ಹೋಗುವುದೆಂದು ಅವರಲ್ಲೇ ಚರ್ಚೆ. ಯಾರ ಮನೆಯಲ್ಲಿ ಹಾಲು ಕರೆಯುವುದು ಬಾಕಿಯಿದೆ ಎನ್ನುವುದರ ಮೇಲೆ ಅದು ತೀರ್ಮಾನವಾಯಿತು. ಮೊದಲು ಎದ್ದವರ ಮಂಡಿಯ ಸುತ್ತ ಕಾಯಿಲ್ ಕಟ್ಟಿ, ಹಿಮ್ಮಡಿಯ ಕೆಳಗೆ ಮರಳಿನ ಚೀಲ ಸರಿಪಡಿಸಿದೆ.

"ತಣ್ಣಗಿದೆಯಾ ಅಕ್ಕ?"

"ಇಲ್ಲ ಕಣವ್ವ, ಇತವಾಗೇ ಅದೆ. ಶುರು ಮಾಡು."

ಶುರು ಮಾಡಿದೆ. ಹೊರಗೆ ಎರಡೂ ಬೇಲಿಗಳು ಆನ್ ಇದ್ದವು. ಸ್ವಲ್ಪದರಲ್ಲೇ ಮೊದಲ ಕೆಂಪು ಗುರುತು ಬಿತ್ತು. ಯಂತ್ರ ಆ ಸಾಲನ್ನು ಬಿಟ್ಟು, ಕೊಡಬೇಕಾದಷ್ಟು ಬಿಡುವು ಕೊಟ್ಟು, ಮತ್ತೆ ತೆಗೆದುಕೊಂಡಿತು.